ಎಲ್ಲದಕ್ಕೂ ಒಂದೇ ಲಾಗಿನ್: ಅನುಕೂಲ ಸರಿ, ಕೀಲಿಕೈ ಯಾರ ಬಳಿ?

ಹೈದರಾಬಾದ್: ಸುಲ್ತಾನ್ ಬಜಾರ್‌ನ ಯಾವುದೇ ಅಂಗಡಿಯ ಮಾಲೀಕರನ್ನು ಷಟರ್‌ನ ಕೀಲಿಕೈ ಯಾರ ಬಳಿ ಇದೆ ಎಂದು ಕೇಳಿ, ತಕ್ಷಣ ಉತ್ತರ ಸಿಗುತ್ತದೆ. ಆದರೆ ಅಂಗಡಿಯ ಇಮೇಲ್, ಬಿಲ್ಲಿಂಗ್, ಜಿಎಸ್‌ಟಿ ಲೆಕ್ಕದ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಕೆಲಸ ಬಿಟ್ಟು ಹೋದ ಹುಡುಗನಿಗೂ ಅದು ನೆನಪಿರಬಹುದು. ಲೆಕ್ಕಪತ್ರವೆಲ್ಲ ಕ್ಲೌಡ್‌ಗೆ ಹೋಗಿರುವ ಈ ಕಾಲದಲ್ಲಿ ಪೇಟೆಯ ಅಂಗಡಿಗೂ ಹೈಟೆಕ್ ಸಿಟಿಯ ಕಂಪನಿಗೂ ಇದು ಸಮಾನ ತಲೆನೋವು.

ಇದಕ್ಕೆ ಐಟಿ ಉದ್ಯಮ ಕಂಡುಕೊಂಡ ಪರಿಹಾರವೇ 'ಸಿಂಗಲ್ ಸೈನ್ ಆನ್'.

ಏನಿದು ವ್ಯವಸ್ಥೆ?

ಉದ್ಯೋಗಿ ಒಂದು ಕಡೆ ಲಾಗಿನ್ ಆದರೆ ಸಾಕು, ಇಮೇಲ್, ಹಾಜರಾತಿ, ಸಂಬಳ, ದಾಸ್ತಾನು ಎಲ್ಲವೂ ತೆರೆದುಕೊಳ್ಳುತ್ತವೆ. ಆತ ಕೆಲಸ ಬಿಟ್ಟ ದಿನ ಒಂದು ಖಾತೆಯನ್ನು ನಿಷ್ಕ್ರಿಯಗೊಳಿಸಿದರೆ ಎಲ್ಲ ಬಾಗಿಲೂ ಮುಚ್ಚುತ್ತವೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ 'ಮೇರಿ ಪೆಹಚಾನ್' ಕೂಡ ಇದೇ ಮಾದರಿ. ಅಲ್ಲಿ ಒಂದೇ ಗುರುತಿನಿಂದ ಹಲವು ಸರ್ಕಾರಿ ಸೇವೆಗಳನ್ನು ಪಡೆಯಬಹುದು.

ಕೀಲಿ ಕಳವಾದರೆ?

ಎಲ್ಲ ಬಾಗಿಲಿಗೂ ಒಂದೇ ಕೀಲಿ ಎಂದರೆ, ಅದು ಕಳೆದರೆ ಹೋಗುವುದೂ ಎಲ್ಲವೂ. ಅಮೆರಿಕದ ಓಕ್ಟಾ ಕಂಪನಿಯ ವ್ಯವಹಾರವೇ ಲಾಗಿನ್ ನಿರ್ವಹಣೆ. 2023ರಲ್ಲಿ ಅದರ ಗ್ರಾಹಕ ಸಹಾಯ ವ್ಯವಸ್ಥೆಗೇ ಹ್ಯಾಕರ್‌ಗಳು ನುಗ್ಗಿ, 134 ಗ್ರಾಹಕ ಸಂಸ್ಥೆಗಳ ಕಡತಗಳನ್ನು ತಲುಪಿದರು. ಉದ್ಯೋಗಿಯೊಬ್ಬರು ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ತಮ್ಮ ವೈಯಕ್ತಿಕ ಗೂಗಲ್ ಖಾತೆ ತೆರೆದಿದ್ದರು. ಕಂಪನಿಯ ಪಾಸ್‌ವರ್ಡ್ ಆ ಖಾತೆಯಲ್ಲಿ ಉಳಿದುಕೊಂಡಿತ್ತು. ಸೋರಿಕೆಯ ದಾರಿ ಅದೇ ಆಗಿರುವ ಸಾಧ್ಯತೆ ಹೆಚ್ಚು ಎಂದು ಕಂಪನಿಯೇ ಹೇಳಿತು.

ಕೀಲಿ ಕೊಟ್ಟವರೇ ಬಾಗಿಲು ಹಾಕಿದರೆ?

ಭಾರತಕ್ಕೆ ಹೆಚ್ಚು ಹತ್ತಿರದ ಪಾಠ 2025ರ ಜುಲೈನದ್ದು. ಗುಜರಾತ್‌ನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಯಲ್ಲಿ ರಷ್ಯಾದ ರೋಸ್‌ನೆಫ್ಟ್‌ಗೆ ದೊಡ್ಡ ಪಾಲಿದೆ. ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆ ನಿಲ್ಲಿಸಿತು. ಸಿಬ್ಬಂದಿಗೆ ಔಟ್‌ಲುಕ್, ಟೀಮ್ಸ್ ಬಂದ್. ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಬಳಿಕ, ಆ ತಿಂಗಳ ಕೊನೆಗೆ ಸೇವೆ ಮರಳಿತು.

ಇಲ್ಲಿ ಯಾರೂ ಹ್ಯಾಕ್ ಮಾಡಿರಲಿಲ್ಲ, ಬಾಕಿ ಹಣದ ತಕರಾರೂ ಇರಲಿಲ್ಲ. ಭಾರತದಲ್ಲಿ ನಿರ್ಬಂಧವೇ ಇಲ್ಲದ ಕಂಪನಿಯ ಕೆಲಸ ವಿದೇಶದ ತೀರ್ಮಾನದಿಂದ ನಿಂತಿತು. ನಯಾರಾಗೆ ಕೋರ್ಟ್‌ಗೆ ಹೋಗುವ ಶಕ್ತಿ ಇತ್ತು. ಹತ್ತು ಜನರ ಸಂಸ್ಥೆಗೆ ಇಂಥ ಸ್ಥಿತಿ ಬಂದರೆ?

ಸಣ್ಣವರಿಗೆ ದುಬಾರಿ

ಇನ್ನೊಂದು ತೊಡಕು ಬೆಲೆಯದ್ದು. ಅನೇಕ ಸಾಫ್ಟ್‌ವೇರ್ ಕಂಪನಿಗಳು ಸಿಂಗಲ್ ಸೈನ್ ಆನ್ ಸೌಲಭ್ಯವನ್ನು ದುಬಾರಿ ಪ್ಲಾನ್‌ಗಳಲ್ಲಿ ಮಾತ್ರ ಕೊಡುತ್ತವೆ. ಹೀಗಾಗಿ ಸಣ್ಣ ಸಂಸ್ಥೆಗಳಲ್ಲಿ ನಾಲ್ವರಿಗೆ ಒಂದೇ ಪಾಸ್‌ವರ್ಡ್ ಎಂಬ ಪದ್ಧತಿ ಮುಂದುವರಿಯುತ್ತದೆ. ಕಾನೂನಿನ ಹೊಣೆ ಮಾತ್ರ ಅವರಿಗೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸುರಕ್ಷತಾ ಕ್ರಮಗಳಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಏನು ಮಾಡಬಹುದು?

* ಮುಖ್ಯ ಅಡ್ಮಿನ್ ಖಾತೆ ಸಂಸ್ಥೆಯ ಹೆಸರಿನಲ್ಲೇ ಇರಲಿ, ಕಂಪ್ಯೂಟರ್ ನೋಡಿಕೊಳ್ಳುವವರ ಸ್ವಂತ ಇಮೇಲ್‌ನಲ್ಲಿ ಬೇಡ.
* ನಂಬಿಕಸ್ಥ ಎರಡನೇ ಅಡ್ಮಿನ್ ಇರಲಿ.
* ಪಾಸ್‌ವರ್ಡ್ ಜತೆಗೆ ಎರಡನೇ ಹಂತದ ದೃಢೀಕರಣ ಕಡ್ಡಾಯವಾಗಲಿ.
* ಕೆಲಸ ಬಿಟ್ಟವರ ಖಾತೆ ಅದೇ ದಿನ ಬಂದ್ ಆಗಲಿ.
* ಲೆಕ್ಕ ಮತ್ತು ಗ್ರಾಹಕರ ಪಟ್ಟಿಯ ಪ್ರತಿ ಬೇರೊಂದು ಕಡೆ ಇರಲಿ.

ಒಂದೇ ಲಾಗಿನ್ ವ್ಯವಸ್ಥೆ ಬೇಡ ಎನ್ನುವುದಕ್ಕಿಂತ ಅದನ್ನು ಕಣ್ಣು ತೆರೆದು ಒಪ್ಪಿಕೊಳ್ಳುವುದು ಜಾಣತನ. ಪ್ಲಾನ್ ಖರೀದಿಸುವಾಗ ಬೆಲೆ ಕೇಳುವಂತೆ, 'ನಾಳೆ ನೀವೇ ಸೇವೆ ನಿಲ್ಲಿಸಿದರೆ ನಮ್ಮ ಲೆಕ್ಕ ನಮಗೆ ಹೇಗೆ ಸಿಗುತ್ತದೆ' ಎಂದೂ ಕೇಳಬೇಕು, ಉತ್ತರವನ್ನು ಬರಹದಲ್ಲಿ ಪಡೆಯಬೇಕು.