ಗುರುತಿಲ್ಲದ ಗಾಡಿಗೆ ಕಾವಲು ಯಾರು?

(ಅಂತಿಮ ಬಿ.ಎ. ವಿದ್ಯಾರ್ಥಿ)

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕೋಟೆಗಾದರೋ ಹಾಕಲು ಒಂದು ಬಾಗಿಲಿತ್ತು. ಬಾಗಿಲೂ ಇಲ್ಲದ, ಬೀಗವೂ ಇಲ್ಲದ, ತನ್ನದೆಂಬ ಹೆಸರೂ ಇಲ್ಲದ ಆಸ್ತಿಯೊಂದು ಇಂದು ನಮ್ಮ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಬಯಲಿನಲ್ಲಿ ನಿಂತಿರುತ್ತದೆ. ಅದೇ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರು. ಅದರ ಕಳವು ಮತ್ತು ರಕ್ಷಣೆಯನ್ನು ಕುರಿತು ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಂಥ ವಿಷಯವು ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕುದೇ ಎಂದು ಕೆಲವರು ಕೇಳಬಹುದು. ಕಾವ್ಯ, ಇತಿಹಾಸ, ಪ್ರವಾಸಗಳನ್ನು ಕುರಿತು ಬರೆಯಲು ನನಗಿಂತ ಸಮರ್ಥರಾದ ಮಿತ್ರರಿದ್ದಾರೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ನನ್ನ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಕಬ್ಬು ತುಂಬಿದ ಟ್ರೇಲರಿನ ಮೇಲೆಯೇ ಬಂದವು. ಈ ಮಾತು ನಮ್ಮ ಕಾಲೇಜಿನ ಬಹುಮಂದಿ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಹೀಗಿರುವಾಗ ನಮ್ಮನ್ನು ಹೊತ್ತು ತಂದ ಗಾಡಿಯ ಯೋಗಕ್ಷೇಮವನ್ನು ನಾವು ವಿಚಾರಿಸದಿದ್ದರೆ ಮತ್ತಾರು ವಿಚಾರಿಸಬೇಕು?

ನಮ್ಮ ತಾತಂದಿರು ಕಬ್ಬು ಸಾಗಿಸಿದ್ದು ಎತ್ತಿನ ಗಾಡಿಯಲ್ಲಿ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯು ಸ್ಥಾಪನೆಯಾದ ಮೇಲೆ ಈ ಸೀಮೆಯ ಬದುಕೇ ಬದಲಾಯಿತೆಂದು ಹಿರಿಯರು ಹೇಳುತ್ತಾರೆ. ಆ ಕಾಲದಲ್ಲಿಯೂ ಕಳ್ಳರಿದ್ದರು. ರಾತ್ರೋರಾತ್ರಿ ಎತ್ತು ಹೊಡೆದುಕೊಂಡು ಹೋಗುವವರಿದ್ದರು. ಆದರೆ ಎತ್ತಿಗೆ ಗುರುತಿತ್ತು. ಹಣೆಯ ಸುಳಿ, ಕೊಂಬಿನ ಬಾಗು, ಬಾಲದ ಕುಚ್ಚು, ಇವನ್ನು ನೋಡಿ ರೈತನು ಜಾತ್ರೆಯ ಸಾವಿರ ದನಗಳ ನಡುವೆಯೂ ತನ್ನದನ್ನು ಹುಡುಕಿ ತೆಗೆಯುತ್ತಿದ್ದನು. ಹೆಸರಿಟ್ಟು ಕರೆದರೆ ಎತ್ತೂ ತಲೆಯೆತ್ತಿ ನೋಡುತ್ತಿತ್ತು. ಈಗಂತೂ ಪಶುವೈದ್ಯರು ಬಂದು ರಾಸುಗಳ ಕಿವಿಗೆ 12 ಅಂಕಿಗಳ ಬಿಲ್ಲೆಯನ್ನೇ ಹಾಕಿಹೋಗುತ್ತಾರೆ. ಟ್ರೇಲರಿಗೆ ಸುಳಿಯಿಲ್ಲ, ಕಿವಿಯಿಲ್ಲ. ಕರೆದರೆ ಓಗೊಡುವುದೂ ಇಲ್ಲ. ಲಕ್ಷಗಳಲ್ಲಿ ಬೆಲೆ ಎಣಿಸಬೇಕಾದ ಆ ವಸ್ತುವಿಗೆ, ಕೊಟ್ಟಿಗೆಯ ಕರುವಿಗಿರುವಷ್ಟು ಗುರುತೂ ಇಲ್ಲದಿರುವುದು ವಿಚಿತ್ರವಲ್ಲವೆ?

ಟ್ರ್ಯಾಕ್ಟರನ್ನು ಕದಿಯಬೇಕಾದರೆ ಎಂಜಿನ್ನನ್ನು ಹೊರಡಿಸಬೇಕು; ಅದರ ಸದ್ದಿಗೆ ಮನೆಯವರು ಎಚ್ಚರಗೊಳ್ಳುತ್ತಾರೆ. ಟ್ರೇಲರಿಗೆ ಎಂಜಿನ್ನಿಲ್ಲ, ಆದುದರಿಂದ ಕೀಲಿಯೂ ಇಲ್ಲ. ಅದರ ಮುಂಭಾಗದಲ್ಲಿ ಒಂದು ಕಬ್ಬಿಣದ ಬಳೆ. ಆ ಬಳೆಗೆ ಯಾರ ಟ್ರ್ಯಾಕ್ಟರು ಬಂದು ಪಿನ್ನು ಹಾಕಿದರೂ ಅದು ಹಿಂಬಾಲಿಸುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಹಗಲು ರಾತ್ರಿಯೆನ್ನದೆ ಗಾಡಿಗಳು ಓಡಾಡುವುದರಿಂದ ರಸ್ತೆಯಲ್ಲಿ ತಡೆದು ಕೇಳುವವರೂ ಇಲ್ಲ. ಬೆಳಗಾಗುವುದರೊಳಗೆ ತಾಲ್ಲೂಕು ದಾಟಿದರೆ, ಮರುದಿನ ಬಣ್ಣ ಬದಲಾಗುತ್ತದೆ. ಮೂರನೆಯ ದಿನ ಪಕ್ಕದ ಹಲಗೆಗಳು ಬದಲಾಗುತ್ತವೆ. ಚಕ್ರಗಳು ಒಂದು ಕಡೆಗೆ, ತೊಟ್ಟಿ ಇನ್ನೊಂದು ಕಡೆಗೆ. ಆಮೇಲೆ ಹೆತ್ತ ತಾಯಿಗೂ ಗುರುತು ಸಿಗದು.

ಕಳೆದ ವರ್ಷ ನಮ್ಮ ಬೀದಿಯ ರೈತರೊಬ್ಬರ ಟ್ರೇಲರು ಕಣದಿಂದ ಕಾಣೆಯಾಯಿತು. ನಾನು ಅವರನ್ನು ದೊಡ್ಡಪ್ಪನೆಂದು ಕರೆಯುತ್ತೇನೆ. "ನೀನು ಓದಿದೋನು ಕಣ್ಮಗ, ಒಂದು ಅರ್ಜಿ ಬರ್ಕೊಡು" ಎಂದು ನನ್ನನ್ನು ಠಾಣೆಗೆ ಕರೆದುಕೊಂಡು ಹೋದರು. ಅಲ್ಲಿನ ಅಧಿಕಾರಿಗಳು ಮೊದಲು ಕೇಳಿದ್ದು ಗಾಡಿಯ ನಂಬರನ್ನು. "ನಂಬರಿಲ್ಲ ಸಾಮಿ. ನೀಲಿ ಬಣ್ಣ. ಎಡಗಡೆ ಹಲಗೆ ಒಸಿ ಸೊಟ್ಟಗದೆ. ಕಂಡ್ರೆ ಗುರ್ತು ಹಿಡೀತೀನಿ" ಎಂದರು ದೊಡ್ಡಪ್ಪ. "ನೀಲಿ ಬಣ್ಣದ ಟ್ರೇಲರು ಈ ತಾಲ್ಲೂಕಿನಲ್ಲಿ ಎಷ್ಟಿವೆ, ನೀವೇ ಹೇಳಿ ಯಜಮಾನ್ರೆ" ಎಂದರು ಅಧಿಕಾರಿಗಳು. ಅವರು ಗದರಿಸಲಿಲ್ಲ, ದೂರನ್ನೂ ಬರೆದುಕೊಂಡರು. ಆದರೆ ಆ ಪ್ರಶ್ನೆಗೆ ನಮ್ಮಿಬ್ಬರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಟ್ರೇಲರು ಈವರೆಗೆ ಸಿಕ್ಕಿಲ್ಲ. ಕಡಿದ ಕಬ್ಬು ಗದ್ದೆಯಲ್ಲಿ ಒಣಗಿ ತೂಕ ಕಳೆದುಕೊಂಡಿತು. ಬಾಡಿಗೆ ಗಾಡಿಗೆ ಕೊಟ್ಟ ಹಣವೂ ಕಳೆದುಹೋದ ಗಾಡಿಯ ಸಾಲದ ಕಂತೂ ಒಟ್ಟಿಗೆ ತಲೆಯ ಮೇಲೆ ಬಿದ್ದುವು. ಇಲ್ಲದ ಗಾಡಿಗೆ ಬಡ್ಡಿ ಕಟ್ಟುವ ರೈತನ ಸಂಕಟವನ್ನು ಯಾವ ಮಾತಿನಲ್ಲಿ ಹೇಳೋಣ?

ಹಾಗಾದರೆ ಕಾನೂನು ಇಲ್ಲವೆ? ಕಾನೂನು ಉಂಟು. 1988ರ ಮೋಟಾರು ವಾಹನ ಕಾಯಿದೆಯ 61ನೆಯ ಪ್ರಕರಣವು ಟ್ರೇಲರನ್ನೂ ಇತರ ವಾಹನಗಳಂತೆಯೇ ನೋಂದಣಿ ಮಾಡಿಸಬೇಕೆಂದು ಹೇಳುತ್ತದೆ. ಟ್ರೇಲರಿನ ಸ್ವಂತ ನಂಬರು ಅದರ ಪಕ್ಕದಲ್ಲಿಯೂ ಎಳೆಯುವ ವಾಹನದ ನಂಬರು ಹಿಂದೆಯೂ ಇರಬೇಕೆಂದು ವಿಧಿಸುತ್ತದೆ. ಸರಕು ಸಾಗಿಸುವ ವಾಹನವನ್ನು ಕದ್ದವನಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 305ನೆಯ ಪ್ರಕರಣದಂತೆ ಏಳು ವರ್ಷಗಳವರೆಗೆ ಸೆರೆವಾಸವುಂಟು. ಆದರೆ ಶಿಕ್ಷೆ ಆಗಬೇಕಾದರೆ ಸಿಕ್ಕಿದ ಗಾಡಿಯು ಇಂಥವರದೇ ಎಂದು ತೋರಿಸಬೇಕು. ತೋರಿಸಲು ಗುರುತು ಬೇಕು. ಅಲ್ಲಿಯೇ ಎಲ್ಲವೂ ನಿಂತುಹೋಗುತ್ತದೆ.

ಎಂಜಿನ್ನಿಲ್ಲದ ಗಾಡಿಯ ಈ ತೊಡಕು ನಮಗೊಬ್ಬರಿಗೇ ಬಂದುದಲ್ಲ. ಇಂಗ್ಲೆಂಡಿನಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ 'ಕ್ಯಾರವಾನ್' ಎಂಬ ಮನೆಗಾಡಿಗಳುಂಟು. ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು 1885ರಲ್ಲಿ ಕುದುರೆ ಎಳೆಯುವ 'ವಾಂಡರರ್' ಎಂಬ ಗಾಡಿಯನ್ನು ಕಟ್ಟಿಸಿಕೊಂಡು ವಿಹಾರ ಹೊರಟುದು ಈ ಹವ್ಯಾಸಕ್ಕೆ ನಾಂದಿಯಾಯಿತು. 1907ರಲ್ಲಿ ಅವರದೇ ಒಂದು ಕ್ಲಬ್ಬು ಹುಟ್ಟಿತು. ಇಂದಿನ ದೊಡ್ಡ ಮನೆಗಾಡಿಗಳಿಗೆ ಎರಡು ಅಚ್ಚು, ನಾಲ್ಕು ಚಕ್ರ. ಒಳಗೆ ಹಾಸಿಗೆ, ಅಡುಗೆ ಒಲೆ ಎಲ್ಲವೂ ಇರುತ್ತವೆ. ಆದರೆ ಆ ದೇಶದಲ್ಲಿ ಇವುಗಳಿಗೆ ಕಾರಿಗಿರುವಂಥ ಕಡ್ಡಾಯ ನೋಂದಣಿಯಿಲ್ಲ. ಎಳೆಯುವ ಕಾರಿನ ನಂಬರನ್ನೇ ಹಿಂದೆ ತಗುಲಿಸಿದರೆ ಸಾಕು. ಇದು ಕಳ್ಳನಿಗೆ ಎಷ್ಟು ಅನುಕೂಲ! ಕದ್ದ ಗಾಡಿಗೆ ತನ್ನ ಕಾರಿನ ನಂಬರನ್ನು ಕಟ್ಟಿಕೊಂಡು ಹಾಡುಹಗಲಿನಲ್ಲಿಯೇ ಹೆದ್ದಾರಿಯಲ್ಲಿ ಹೋದರೂ ಅವನೇ ಒಡೆಯನೆಂದು ಜನ ತಿಳಿಯುತ್ತಾರೆ.

ಇದಕ್ಕೆ ಅವರು ಕಂಡುಕೊಂಡ ಉಪಾಯವನ್ನು ನಾವು ಗಮನಿಸಬೇಕು. 1992ರಲ್ಲಿ ಸರಕಾರದ ಆಜ್ಞೆಗೆ ಕಾಯದೆ, ಆ ಉದ್ಯಮದವರ ಸಂಘವೇ 'ಕ್ರಿಸ್' ಎಂಬ ನೋಂದಣಿ ಪುಸ್ತಕವೊಂದನ್ನು ತೆರೆಯಿತು. ಪ್ರತಿಯೊಂದು ಹೊಸ ಗಾಡಿಗೂ 17 ಅಕ್ಷರ-ಅಂಕಿಗಳ ಒಂದು ಗುರುತು. ಅದು ಕೆಳಗಿನ ಚಾಸಿಸ್ಸಿನ ಮೇಲೆ ಇರುವುದಲ್ಲದೆ ಕಿಟಕಿಯ ಗಾಜುಗಳಲ್ಲಿಯೂ ಕೊರೆದಿರುತ್ತದೆ. ಕಳ್ಳನು ಅದನ್ನು ಅಳಿಸಬೇಕಾದರೆ ಗಾಜುಗಳನ್ನೆಲ್ಲ ಬದಲಾಯಿಸಬೇಕು! 2016ರಿಂದ ಅಡಗಿಸಿಟ್ಟ ಚಿಪ್ಪುಗಳೂ ಬಂದಿವೆ. ಕೊಳ್ಳುವವನು ಹಣ ಕೊಡುವ ಮುಂಚೆ ಆ ಗುರುತು ಹೇಳಿ ವಿಚಾರಿಸಿಕೊಳ್ಳಬಹುದು. ಇದಲ್ಲದೆ ಎಳೆಯುವ ಕೊಂಡಿಗೆ ಬೀಗ, ಚಕ್ರವು ತಿರುಗದಂತೆ ಚಾಸಿಸ್ಸಿಗೆ ಸೇರಿಸಿ ಹಾಕುವ ಬೀಗ, ಕಾವಲಿರುವ ನಿಲುಗಡೆಗಳು ಇವೆಲ್ಲವೂ ಉಂಟು. ಬೀಗವು ಕಳ್ಳನನ್ನು ತಡಮಾಡಿಸುತ್ತದೆ. ಗುರುತು ಕಳೆದ ಗಾಡಿಯನ್ನು ಮನೆಗೆ ತರುತ್ತದೆ. ಎರಡೂ ಬೇಕು, ಆದರೆ ಗುರುತಿಲ್ಲದೆ ಬರಿಯ ಬೀಗ ಸಾಲದು.

ಅಲ್ಲಿ ಕಾನೂನು ಕೇಳದಿದ್ದರೂ ಜನ ಮಾಡಿಕೊಂಡರು. ಇಲ್ಲಿ ಕಾನೂನು ಕೇಳುತ್ತಿದ್ದರೂ ನಾವು ಮಾಡಿಕೊಂಡಿಲ್ಲ. ಅವರು ಗಾಡಿ ಕಳೆದುಕೊಂಡರೆ ಒಂದು ಬೇಸಗೆಯ ವಿಹಾರ ಹೋದೀತು. ನಾವು ಕಳೆದುಕೊಂಡರೆ ಒಂದು ವರ್ಷದ ಅನ್ನ ಹೋಗುತ್ತದೆ.

ರೈತನನ್ನೇ ದೂರಿ ಸುಮ್ಮನಾಗುವುದು ನ್ಯಾಯವಲ್ಲ. ನೋಂದಣಿಯೆಂದರೆ ತೆರಿಗೆ, ವಿಮೆ, ತಪಾಸಣೆ, ಜಿಲ್ಲಾ ಕೇಂದ್ರಕ್ಕೆ ಹತ್ತು ಸಲ ಅಲೆದಾಟ ಎಂಬ ಅಂಜಿಕೆ ಅವನದು. ಅದು ಸುಳ್ಳೂ ಅಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿಸಿದ ಗಾಡಿಗೆ ನೋಂದಣಿ ಕಚೇರಿಯವರು ಕೇಳುವ ತಯಾರಕರ ಪ್ರಮಾಣಪತ್ರ ಎಲ್ಲಿಂದ ಬರಬೇಕು? ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ, ಕಾಯಿದೆ ಕೊಟ್ಟ ರಕ್ಷಣೆ ಕಚೇರಿಯ ಬಾಗಿಲಲ್ಲಿ ನಿಂತುಬಿಡುತ್ತದೆ. ಸಾರಿಗೆ ಇಲಾಖೆಯವರು ಹೋಬಳಿಗೊಂದರಂತೆ ಶಿಬಿರ ನಡೆಸಿ, ಗಾಡಿಯಿದ್ದಲ್ಲಿಗೇ ಬಂದು ತಪಾಸಣೆ ಮಾಡಿ ನಂಬರು ಕೊಡುವಂತಾದರೆ ಬಹುಮಂದಿ ಮುಂದೆ ಬಂದಾರು. ಸಕ್ಕರೆ ಕಾರ್ಖಾನೆಗಳು ತಮ್ಮ ತೂಕದ ಮನೆಯಲ್ಲಿ ಟ್ರ್ಯಾಕ್ಟರಿನ ನಂಬರಿನೊಡನೆ ಟ್ರೇಲರಿನ ಗುರುತನ್ನೂ ಬರೆದುಕೊಂಡರೆ, ಕದ್ದ ಗಾಡಿ ಕಬ್ಬು ಹೊತ್ತು ಬಂದ ದಿನವೇ ಸಿಕ್ಕಿಬೀಳುತ್ತದೆ.

ಅಲ್ಲಿಯವರೆಗೆ ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಗಾಡಿಯ ಮುಂಭಾಗದ ಕಬ್ಬಿಣದಲ್ಲಿ ಒಂದು ಕಡೆ, ಹೊರಗೆ ಕಾಣದಂತೆ ತಳದಲ್ಲಿ ಇನ್ನೊಂದು ಕಡೆ, ಒಡೆಯನ ಗುರುತನ್ನು ಅಚ್ಚು ಹೊಡೆಸಬಹುದು. ಬಣ್ಣದಲ್ಲಿ ಬರೆದುದು ಅಳಿದೀತು, ಕಬ್ಬಿಣದಲ್ಲಿ ಹೊಡೆದುದು ಸುಲಭವಾಗಿ ಅಳಿಯದು. ಗಾಡಿಯ ನಾಲ್ಕು ಪಕ್ಕದ ಚಿತ್ರಗಳನ್ನೂ ಕೊಂಡ ರಶೀದಿಯನ್ನೂ ಪಹಣಿಯಿರುವ ಪೆಟ್ಟಿಗೆಯಲ್ಲಿಯೇ ಇಡಬಹುದು. ರಾತ್ರಿ ಬಳೆಗೆ ಬೀಗ, ಚಕ್ರಕ್ಕೆ ಸರಪಳಿ ಹಾಕಿ, ಗಾಡಿಯ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಬಹುದು. ಕೆಲಸವಿಲ್ಲದ ತಿಂಗಳುಗಳಲ್ಲಿ ಒಂದು ಚಕ್ರವನ್ನೇ ಕಳಚಿ ಮನೆಯೊಳಗಿಡಬಹುದು. ಅಗ್ಗವಾಗಿ ಸಿಕ್ಕಿತೆಂದು ರಶೀದಿಯಿಲ್ಲದ ಗಾಡಿಯನ್ನು ಕೊಳ್ಳುವವರೂ ತಿಳಿದಿರಬೇಕು: ಕಳವಿನ ಮಾಲೆಂದು ಗೊತ್ತಿದ್ದು ಕೊಂಡವನೂ ಅಪರಾಧಿಯೇ. ಕೊಳ್ಳುವವನಿಲ್ಲದಿದ್ದರೆ ಕದಿಯುವವನಿಗೇನು ಲಾಭ?

ವಿದ್ಯಾರ್ಥಿ ಮಿತ್ರರೇ, ಈ ಕೆಲಸದಲ್ಲಿ ನಮಗೂ ಒಂದು ಪಾಲುಂಟು. ಪ್ರತಿವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹಳ್ಳಿಗೆ ಹೋಗುತ್ತೇವೆ. ರಸ್ತೆ ಗುಡಿಸುತ್ತೇವೆ, ಚರಂಡಿ ತೆಗೆಯುತ್ತೇವೆ. ಅದು ಒಳ್ಳೆಯದೇ. ಮುಂದಿನ ಶಿಬಿರದಲ್ಲಿ ಒಂದು ದಿನವನ್ನು ಇದಕ್ಕಾಗಿ ಮೀಸಲಿಡೋಣ. ಒಂದು ಪುಸ್ತಕ ಹಿಡಿದು ಮನೆಮನೆಗೆ ಹೋಗಿ, ಯಾರ ಟ್ರೇಲರು, ಎಲ್ಲಿ ಕಟ್ಟಿಸಿದ್ದು, ಯಾವ ಗುರುತು ಎಂದು ಬರೆದು, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಇನ್ನೊಂದನ್ನು ಠಾಣೆಗೂ ಕೊಡೋಣ. ಗುರುತಿಲ್ಲದ ಗಾಡಿಯ ಒಡೆಯನಿಗೆ ಅಚ್ಚು ಹೊಡೆಸುವಂತೆ ಹೇಳೋಣ. ಇದಕ್ಕೆ ಹಣ ಬೇಡ. ಓದು ಬರಹ ಬಲ್ಲ ನಾಲ್ಕು ಜನ ಸಾಕು. ಓದಿದ ಮಗನು ಕಳವಾದ ಮೇಲೆ ಅರ್ಜಿ ಬರೆದುಕೊಡುವುದಕ್ಕಿಂತ, ಕಳವಾಗುವ ಮುಂಚೆ ನಂಬರು ಬರೆದಿಡುವುದು ಮೇಲು.