ಕೆಲಸಕ್ಕೆ ತಕ್ಕ ಪಾದರಕ್ಷೆ

ಪೀಣ್ಯದ ಅನೇಕ ಸಣ್ಣ ಘಟಕಗಳಲ್ಲಿ ಸುರಕ್ಷತಾ ಶೂಗಳ ಖರೀದಿ ವರ್ಷಕ್ಕೊಮ್ಮೆ ಮುಗಿಸುವ ವ್ಯವಹಾರ. ಮೂರು ಕೊಟೇಷನ್ ತರಿಸಿ, ಅತಿ ಕಡಿಮೆ ದರದವರಿಗೆ ಆರ್ಡರ್ ನೀಡಿ, ಎಲ್ಲರಿಗೂ ಒಂದೇ ಮಾದರಿಯನ್ನು ಹಂಚುವುದು ರೂಢಿ. ನಡುವೆ ಸೇರಿದ ಹೊಸಬನಿಗೆ ಕೆಲಸ ಬಿಟ್ಟುಹೋದವನ ಜೋಡಿಯೇ ಗತಿ. ಯಂತ್ರದ ಪರಿಚಯವಿಲ್ಲದೆ ಹೆಚ್ಚು ಅಪಾಯಕ್ಕೆ ಈಡಾಗುವವನಿಗೇ ಅಳತೆಗೆ ಹೊಂದದ ಶೂ ದೊರೆಯುವುದು ಈ ರೂಢಿಯ ದೊಡ್ಡ ದೋಷ.

ಶೂಗಳೆಲ್ಲ ಒಂದೇ ಅಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 15298ರ 2ನೇ ಭಾಗಕ್ಕೆ ಒಳಪಟ್ಟ ಶೂವಿನ ಬೆರಳುಕವಚ 200 ಜೂಲ್ ಆಘಾತವನ್ನು ತಡೆಯಬೇಕು. ಇದು ಸುಮಾರು 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. 3ನೇ ಭಾಗದ ಶೂವಿಗೆ ಈ ಮಿತಿ 100 ಜೂಲ್. 4ನೇ ಭಾಗದ ಶೂವಿಗೆ ಬೆರಳುಕವಚ ಕಡ್ಡಾಯವಿಲ್ಲ. ಐಎಸ್‌ಐ ಗುರುತಿನೊಡನೆ ಭಾಗದ ಸಂಖ್ಯೆಯನ್ನೂ ಓದಬೇಕಾದುದು ಈ ಕಾರಣಕ್ಕೆ.

ಪ್ರೆಸ್ ಮತ್ತು ಫ್ಯಾಬ್ರಿಕೇಷನ್ ವಿಭಾಗಗಳಿಗೆ ಬೆರಳುಕವಚದ ಜೊತೆಗೆ ಚೂಪಾದ ಲೋಹದ ಚೂರು ಚುಚ್ಚದ ಅಡಿಪದರ ಅಗತ್ಯ. ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಗಳ ಬಳಿ ರಾಸಾಯನಿಕ ತಡೆಯುವ ಗಮ್‌ಬೂಟು ಬೇಕು. ಎಲೆಕ್ಟ್ರಾನಿಕ್ ಸಿಟಿಯ ಜೋಡಣಾ ವಿಭಾಗಗಳಿಗೆ ಸ್ಥಿರವಿದ್ಯುತ್ತನ್ನು ಹರಿಯಬಿಡುವ ಶೂ, ವೈಟ್‌ಫೀಲ್ಡ್‌ನ ಗೋದಾಮುಗಳಿಗೆ ಜಾರದ ಅಟ್ಟೆ ಮುಖ್ಯ. ಸ್ಥಿರವಿದ್ಯುತ್ ನಿವಾರಕ ಶೂ ವಿದ್ಯುದಾಘಾತದಿಂದ ರಕ್ಷಿಸುವುದಿಲ್ಲ. ಎಲೆಕ್ಟ್ರಿಷಿಯನ್ನರಿಗೆ ಅದನ್ನು ಕೊಡುವುದು ಅಪಾಯಕರ.

ಲೆಕ್ಕದ ದೃಷ್ಟಿಯಿಂದಲೂ ಜೋಡಿಯ ಬೆಲೆ ಸರಿಯಾದ ಅಳತೆಗೋಲಲ್ಲ. ಉದಾಹರಣೆಗೆ, 500 ರೂಪಾಯಿಯ ಶೂ ನಾಲ್ಕು ತಿಂಗಳು, 900 ರೂಪಾಯಿಯದು ಹತ್ತು ತಿಂಗಳು ಬಾಳಿದರೆ, ಮಾಸಿಕ ವೆಚ್ಚ ಕ್ರಮವಾಗಿ 125 ಮತ್ತು 90 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗಳ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿದಿರುವುದರಿಂದ ಉತ್ತಮ ದರ್ಜೆಯ ಶೂ ಕೈಗೆಟುಕದ ವಸ್ತುವೇನಲ್ಲ. ಇದರ ವೆಚ್ಚವನ್ನು ಸಂಬಳದಲ್ಲಿ ಮುರಿದುಕೊಳ್ಳುವ ಪದ್ಧತಿಯನ್ನೂ ಕೈಬಿಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು, ಸುರಕ್ಷತೆಗಾಗಿ ಒದಗಿಸಿದ ಸೌಲಭ್ಯಕ್ಕೆ ನೌಕರರಿಂದ ಹಣ ವಸೂಲು ಮಾಡುವುದನ್ನು ನಿಷೇಧಿಸುತ್ತದೆ.

ಉದ್ಯಮಿಗಳು ಮಾಡಬೇಕಾದುದು ಇಷ್ಟೆ: ವಿಭಾಗವಾರು ಅಪಾಯಗಳ ಪಟ್ಟಿ ತಯಾರಿಸಿ, ಅದಕ್ಕೆ ತಕ್ಕ ಮಾದರಿಯನ್ನು ನಿಗದಿಪಡಿಸಬೇಕು, ಸಾಮಾನ್ಯ ಅಳತೆಯ ಕೆಲವು ಜೋಡಿಗಳನ್ನು ಸದಾ ದಾಸ್ತಾನಿನಲ್ಲಿಡಬೇಕು, ವಿತರಣೆಯ ದಿನಾಂಕವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಒಂದೇ ರಸ್ತೆಯ ನಾಲ್ಕಾರು ಸಣ್ಣ ಘಟಕಗಳು ಒಟ್ಟಾಗಿ ಖರೀದಿಸಿದರೆ ದರದಲ್ಲೂ ಅನುಕೂಲವಾದೀತು. ಗುತ್ತಿಗೆ ಕಾರ್ಮಿಕನಾಗಲಿ, ಅಪ್ರೆಂಟಿಸ್ ಆಗಲಿ, ತನ್ನ ಪಾದಕ್ಕೆ ಹೊಂದುವ ಶೂ ಧರಿಸಿದ ಮೇಲೆಯೇ ಮೊದಲ ದಿನ ಯಂತ್ರದ ಬಳಿಗೆ ಹೋಗಬೇಕು.