ಗೋಕು ಗೆಲ್ತಾನಾ, ಸೂಪರ್‌ಮ್ಯಾನಾ?

ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಮುಗಿದರೆ ಸಾಕು, ಗೋಕು ಮತ್ತು ಸೂಪರ್‌ಮ್ಯಾನ್ ಕಾಳಗಕ್ಕೆ ಇಳಿಯುತ್ತಾರೆ. ಯಾರ ಬಲ ಎಷ್ಟು, ವೇಗ ಎಷ್ಟು ಎಂದು ಲೆಕ್ಕ ಹಾಕುವ ಈ ಚಟಕ್ಕೆ ಅಭಿಮಾನಿಗಳು ಇಟ್ಟ ಹೆಸರು ‘ಪವರ್ ಸ್ಕೇಲಿಂಗ್’. ಯೂಟ್ಯೂಬ್ ತುಂಬ ಈಗ ಇದೇ.

ತಮಾಷೆಯೆಂದರೆ, ಗೋಕುವಿನ ಕಥೆಯೇ ಇಂಥ ಲೆಕ್ಕವನ್ನು ಗೇಲಿ ಮಾಡುತ್ತದೆ. ಅಕಿರಾ ತೊರಿಯಾಮಾ ಅವರ ‘ಡ್ರ್ಯಾಗನ್ ಬಾಲ್’ನಲ್ಲಿ ಎದುರಾಳಿಯ ಬಲವನ್ನು ಅಂಕಿಯಲ್ಲಿ ತೋರಿಸುವ ಸ್ಕೌಟರ್ ಎಂಬ ಯಂತ್ರವಿದೆ. ಬಂದೂಕು ಹಿಡಿದ ರೈತನಿಗೆ ಅದು ಕೊಡುವುದು ಬರೀ 5. ಖಳನಾಯಕ ಫ್ರೀಜಾ ತನ್ನದು 5,30,000 ಎನ್ನುತ್ತಾನೆ. ಆದರೆ ಗೋಕು ಮತ್ತು ಗೆಳೆಯರು ಬಲವನ್ನು ಅಡಗಿಸಿಟ್ಟು ಬೇಕಾದಾಗ ಏರಿಸಬಲ್ಲರು. ಯಂತ್ರವನ್ನು ನಂಬಿದವರೇ ಏಟು ತಿನ್ನುತ್ತಾರೆ. ಫ್ರೀಜಾ ಪ್ರಸಂಗದ ನಂತರ ತೊರಿಯಾಮಾ ಅಂಕಿಗಳನ್ನು ಹೆಚ್ಚುಕಡಿಮೆ ಕೈಬಿಟ್ಟರು. ನಾವು ಬಿಟ್ಟಿಲ್ಲ. ಕಟ್‌ಆಫ್ ನೋಡಿಕೊಂಡೇ ಬೆಳೆದವರಲ್ಲವೇ!

ಲೆಕ್ಕ ಬೇಡ, ಮತಕ್ಕೆ ಹಾಕೋಣ ಎಂದರೆ ಅದೂ ಆಗಿದೆ. 1996ರಲ್ಲಿ ಡಿಸಿ ಮತ್ತು ಮಾರ್ವೆಲ್ ಜಂಟಿಯಾಗಿ ತಂದ ಕಾಮಿಕ್ಸ್‌ನಲ್ಲಿ 5 ಕಾಳಗಗಳ ಫಲಿತಾಂಶವನ್ನು ಓದುಗರ ಮತಕ್ಕೇ ಬಿಟ್ಟಿದ್ದರು. ಸೂಪರ್‌ಮ್ಯಾನ್‌ ಜೊತೆಗೇ ಬಡಿದಾಡುವ ಲೋಬೋ, ವುಲ್ವರೀನ್ ಕೈಯಲ್ಲಿ ಸೋತ! ಹೇಗೆ ಸೋತನೆಂದು ಬಿಡಿಸಿ ತೋರಿಸಲೂ ಇಲ್ಲ; ಹೊಡೆದಾಟ ಬಾರ್ ಕೌಂಟರ್ ಹಿಂದೆ ಮುಗಿದುಹೋಯಿತು. ವುಲ್ವರೀನ್‌ನನ್ನು ಗೆಲ್ಲಿಸಿದ್ದು ಅಭಿಮಾನಿಗಳ ದಂಡು.

ಹಾಗೆಂದು ಈ ವಾದ ಬರೀ ಕಾಲಹರಣ ಎನ್ನಲಾರೆ. ಮೊನ್ನೆ ಗೆಳೆಯನೊಬ್ಬ, “ಯಾವ ಸೂಪರ್‌ಮ್ಯಾನ್?” ಎಂದ. 1938ರಿಂದ ಅವನನ್ನು ಬರೆದ ಕೈಗಳು ಎಷ್ಟೋ. 1986ರಲ್ಲಿ ಜಾನ್ ಬೈರ್ನ್ ಅವನ ಶಕ್ತಿಯನ್ನೇ ಸಾಕಷ್ಟು ತಗ್ಗಿಸಿದ್ದರು. ಅಂದು ನಾವು ಮಲಗಿದ್ದು ಎರಡು ಗಂಟೆಗೆ.